ಭಾರತ–ಚೀನಾ ಹೋಲಿಸುವಾಗ 1990ರ ಗೆರೆಯನ್ನೂ ತೋರಿಸಿ: ಸುದ್ದಿ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಕನ್ನಡದ ಸುದ್ದಿ ವಾಹಿನಿಗಳ ಮತ್ತು ದಿನಪತ್ರಿಕೆಗಳ ಎಲ್ಲ ಸಂಪಾದಕರಿಗೆ,

ವಿಷಯ: ಭಾರತ ಮತ್ತು ಚೀನಾದ ಜಿಡಿಪಿ (ದೇಶದ ಒಂದು ವರ್ಷದ ಒಟ್ಟು ಉತ್ಪನ್ನ) ಹೋಲಿಕೆಯಲ್ಲಿ ಪದೇ ಪದೇ ಆಗುತ್ತಿರುವ ತಪ್ಪುಗಳ ಬಗ್ಗೆ.

ಮಾನ್ಯರೇ,

ನಾನು ಶಿಡ್ಲಘಟ್ಟದ ಕಡೆ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ರೇಷ್ಮೆಯ ಮನೆಗಳವರು. ಕೆಲವರ ಮನೆಯಲ್ಲಿ ಹುಳ ಸಾಕುತ್ತಾರೆ, ಕೆಲವರ ಮನೆಯಲ್ಲಿ ನೂಲು ಬಿಚ್ಚುತ್ತಾರೆ. ಪ್ರಥಮ ಪಿಯುಸಿಯಲ್ಲಿ ಭಾರತವನ್ನು ಚೀನಾ, ಪಾಕಿಸ್ತಾನಗಳ ಜೊತೆ ಹೋಲಿಸುವ ಪಾಠ ಇದೆ. ಆ ಪಾಠ ಮಾಡುವಾಗ ಆದ ಒಂದು ಘಟನೆಯೇ ಈ ಪತ್ರಕ್ಕೆ ಕಾರಣ.

ಪರೀಕ್ಷೆಯಲ್ಲಿ ಎರಡು ದೇಶಗಳ ಬೆಳವಣಿಗೆಯನ್ನು ಹೋಲಿಸಿ ಎಂದು ಕೇಳಿದ್ದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹೆಚ್ಚು ಕಡಿಮೆ ಒಂದೇ ಮಾತು ಬರೆದಿದ್ದರು. ಭಾರತ ಚೀನಾವನ್ನು ಹಿಂದೆ ಹಾಕಿದೆ, ಈಗ ನಮ್ಮ ಆರ್ಥಿಕತೆಯೇ ದೊಡ್ಡದು, ಭಾರತ 8.2, ಚೀನಾ 5.2. ನಾನು ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಕೊಟ್ಟೆ. ಮಾರನೇ ದಿನ ಒಬ್ಬ ಹುಡುಗ ಫೋನ್ ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದ. "ಮೇಡಂ, ಟಿವಿಯಲ್ಲೇ ಹಾಗೆ ಹೇಳಿದಾರೆ, ನೋಡಿ" ಎಂದ.

ನೋಡಿದೆ. ಒಂದು ಸುದ್ದಿ ವಾಹಿನಿಯ ತುಣುಕು ಅದು. ಪರದೆಯ ಮೇಲೆ ಎರಡು ಕಂಬಗಳು. ಭಾರತದ ಕಂಬ ಎತ್ತರ, ಚೀನಾದ ಕಂಬ ಗಿಡ್ಡ. ಕೆಳಗೆ ದೊಡ್ಡದಾಗಿ 'ಜಿಡಿಪಿ' ಎಂದಿದೆ. ಅದು ಒಂದು ವರ್ಷದ ಬೆಳವಣಿಗೆ ದರ ಎಂದು ಎಲ್ಲೂ ಬರೆದಿಲ್ಲ. ಯಾವ ವರ್ಷ ಎಂದೂ ಇಲ್ಲ. ನಿರೂಪಕರು "ಚೀನಾ ಈಗ ನಮ್ಮ ಹಿಂದೆ" ಎಂದು ಮೂರು ಸಲ ಹೇಳಿದರು. ಆ ಹುಡುಗ ತಾನು ನೋಡಿದ್ದನ್ನೇ ನಂಬಿ ಬರೆದಿದ್ದ. ಅವನಿಗೆ ಅಂಕ ಕೊಡಲು ನನ್ನಿಂದಾಗಲಿಲ್ಲ. ಕೊಡದೆ ಕಳಿಸಿದ್ದಕ್ಕೆ ಸಂಕಟವೂ ಆಯಿತು.

ಆ ದಿನ ಬೋರ್ಡಿನ ಮೇಲೆ ನಮ್ಮ ಊರಿನ ಲೆಕ್ಕದಲ್ಲೇ ಹೇಳಿದೆ. ಒಬ್ಬರಿಗೆ ಐದು ಎಕರೆ ಹಿಪ್ಪುನೇರಳೆ ತೋಟ, ಇನ್ನೊಬ್ಬರಿಗೆ ಒಂದು ಎಕರೆ. ಐದು ಎಕರೆಯವರು ಈ ವರ್ಷ ಶೇ 5ರಷ್ಟು ಜಮೀನು ಜಾಸ್ತಿ ಮಾಡಿಕೊಂಡರೆ 10 ಗುಂಟೆ ಸೇರುತ್ತದೆ. ಒಂದು ಎಕರೆಯವರು ಶೇ 8ರಷ್ಟು ಮಾಡಿಕೊಂಡರೂ ಸೇರುವುದು ಮೂರು ಗುಂಟೆ ಚಿಲ್ಲರೆ. ಯಾರ ವೇಗ ಜಾಸ್ತಿ? ಒಂದು ಎಕರೆಯವರದ್ದು. ಯಾರ ತೋಟ ದೊಡ್ಡದು? ಇಬ್ಬರ ನಡುವಿನ ಅಂತರ ಈ ವರ್ಷ ಕಡಿಮೆಯಾಯಿತೋ, ಹೆಚ್ಚಾಯಿತೋ? ಮಕ್ಕಳೇ ಬಾಯಿಬಿಟ್ಟು ಹೇಳಿದರು, ಹೆಚ್ಚಾಯಿತು ಎಂದು. ಚೀನಾ ಮತ್ತು ಭಾರತದ ಲೆಕ್ಕವೂ ಹೆಚ್ಚು ಕಡಿಮೆ ಇದೇ. 2023ರಲ್ಲಿ ಚೀನಾದ ಜಿಡಿಪಿ ಸುಮಾರು 17.8 ಲಕ್ಷ ಕೋಟಿ ಡಾಲರ್. ನಮ್ಮದು ಸುಮಾರು 3.6 ಲಕ್ಷ ಕೋಟಿ ಡಾಲರ್. ಹೆಚ್ಚು ಕಡಿಮೆ ಐದಕ್ಕೆ ಒಂದು.

ಪ್ರಥಮ ಪಿಯುಸಿ ಮಕ್ಕಳಿಗೆ ಹತ್ತು ನಿಮಿಷದಲ್ಲಿ ಅರ್ಥವಾದದ್ದು ನಿಮ್ಮ ಸುದ್ದಿಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಅವಸರದಲ್ಲಿ ಹೋಗುತ್ತದೆ, ಜನರಿಗೆ ಖುಷಿಯಾಗುತ್ತದೆ ಎಂದು ಹೋಗುತ್ತದೆ. ಆದರೆ ಅದರಿಂದ ಆಗುವ ನಷ್ಟ ದೊಡ್ಡದು.

ವಿಶ್ವ ಬ್ಯಾಂಕಿನ ಅಂಕಿಗಳನ್ನು ಇಟ್ಟುಕೊಂಡು ನಾವು ತರಗತಿಯಲ್ಲಿ ಒಂದು ನಕ್ಷೆ ಮಾಡಿದೆವು. ತಲಾ ಜಿಡಿಪಿ, ಅಂದರೆ ಒಟ್ಟು ಉತ್ಪನ್ನವನ್ನು ತಲೆಗೆ ಹಂಚಿದರೆ ಎಷ್ಟು ಎಂಬ ಲೆಕ್ಕ. ನೂರು ಡಾಲರಿಗೆ ಒಂದು ಸೆಂಟಿಮೀಟರ್ ಎಂದು ಇಟ್ಟುಕೊಂಡೆವು. 1990ರಲ್ಲಿ ಚೀನಾದ್ದು ಸುಮಾರು 320 ಡಾಲರ್, ಭಾರತದ್ದು ಸುಮಾರು 370. ಅಂದರೆ ಹಾಳೆಯ ಮೇಲೆ ಅವರದು ಮೂರು ಸೆಂಟಿಮೀಟರ್ ಚಿಲ್ಲರೆ, ನಮ್ಮದು ಅದಕ್ಕಿಂತ ಅರ್ಧ ಸೆಂಟಿಮೀಟರ್ ಎತ್ತರ. ಹೌದು, ನಾವೇ ಮುಂದಿದ್ದೆವು. 2023ಕ್ಕೆ ಬಂದಾಗ ನಮ್ಮದು ಸುಮಾರು 25 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಚೀನಾದ್ದು 126 ಸೆಂಟಿಮೀಟರ್. ಒಂದು ಡ್ರಾಯಿಂಗ್ ಶೀಟ್ ಸಾಲಲಿಲ್ಲ, ಇನ್ನೊಂದನ್ನು ತಂದು ಮೇಲೆ ಅಂಟಿಸಬೇಕಾಯಿತು. ನೆಲದಿಂದ ಶುರು ಮಾಡಿದ ಗೆರೆ ಅಲ್ಲಿ ನಿಂತಿದ್ದ ಹುಡುಗಿಯ ಭುಜದ ಹತ್ತಿರ ಹೋಗಿ ನಿಂತಿತು.

ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಒಬ್ಬಳು ಎದ್ದು ನಿಂತಳು. ಅವಳ ಮನೆಯಲ್ಲಿ ನೂಲು ಬಿಚ್ಚುವ ಸಣ್ಣ ಯೂನಿಟ್ ಇದೆ. ಅವರ ಮನೆಗೆ ನಾನು ಹೋಗಿದ್ದೇನೆ. ಬಿಸಿನೀರಿನ ಬೇಸಿನ್ ಮುಂದೆ ಅವಳ ತಾಯಿ ಕೂತಿರುತ್ತಾರೆ. ಕುದಿಸಿದ ಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹುಡುಕುತ್ತಾರೆ. ದಿನವಿಡೀ ನೀರಿನಲ್ಲಿದ್ದು ಬೆರಳ ತುದಿ ಬಿಳುಚಿಕೊಂಡು ಮುದುಡಿರುತ್ತದೆ. ಆ ಹುಡುಗಿ ಕೇಳಿದಳು, "ಮೇಡಂ, ನಮ್ಮ ಬೀದಿ ಕೊನೆಯ ಯೂನಿಟ್‌ಗೆ ಚೀನಾದಿಂದ ದೊಡ್ಡ ಮಿಷನ್ ಬಂದಿದೆ. 1990ರಲ್ಲಿ ಇಬ್ಬರೂ ಒಂದೇ ತರ ಇದ್ವಿ ಅಂದ್ರೆ, ಅವರು ಮಿಷನ್ ಮಾಡೋದು ಯಾವಾಗ ಕಲಿತರು? ನಾವು ಯಾಕೆ ಕಲೀಲಿಲ್ಲ?"

ಮಾನ್ಯರೇ, ನಾನು ಇಷ್ಟು ವರ್ಷ ಪಾಠ ಮಾಡಿದ್ದರಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಿಲ್ಲ. ಜಗತ್ತಿನಲ್ಲಿ ರೇಷ್ಮೆ ಬೆಳೆಯುವುದರಲ್ಲಿ ಚೀನಾ ಮೊದಲು, ನಾವು ಎರಡನೆಯವರು. ಭಾರತದಲ್ಲಿ ಕರ್ನಾಟಕವೇ ಮೊದಲು. ನಮ್ಮ ಊರಿಗೆ ಚೀನಾ ಎಂದರೆ ಟಿವಿಯಲ್ಲಿ ಬರುವ ಹೆಸರು ಮಾತ್ರ ಅಲ್ಲ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದದ್ದು ಇಲ್ಲಿನ ಪ್ರತಿ ಮನೆಗೂ ನೆನಪಿದೆ. ಅಂಥ ಊರಿನ ಮಗುವಿಗೆ "ಚೀನಾ ನಮ್ಮ ಹಿಂದೆ" ಎಂದು ಹೇಳಿದರೆ ಅವಳ ಪ್ರಶ್ನೆ ಹುಟ್ಟುವ ಮೊದಲೇ ಸಾಯುತ್ತದೆ. ನನ್ನ ದೂರಿನ ತಿರುಳೇ ಇದು.

ಅವಳ ಪ್ರಶ್ನೆಗೆ ಉತ್ತರ ನಿಮ್ಮ ಕಾರ್ಯಕ್ರಮಗಳಲ್ಲಿ ಬರಬೇಕಿತ್ತು. ನನಗೆ ಗೊತ್ತಿರುವಷ್ಟು ನಾನು ಹೇಳಿದೆ. 1978ರ ಕೊನೆಯಲ್ಲಿ ಚೀನಾದ ಅನ್ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಎಂಬ ಹಳ್ಳಿಯಲ್ಲಿ 18 ರೈತ ಕುಟುಂಬಗಳವರು ಗುಟ್ಟಾಗಿ ಒಂದು ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದರು. ಸಾಮೂಹಿಕ ಜಮೀನನ್ನು ಮನೆ ಮನೆಗೆ ಹಂಚಿಕೊಂಡು ದುಡಿಯೋಣ, ಸರ್ಕಾರದ ಪಾಲು ಕೊಟ್ಟು ಮಿಕ್ಕಿದ್ದು ನಮ್ಮದು ಎಂದು. ಸಿಕ್ಕಿಬಿದ್ದರೆ ಜೈಲು ಎಂದು ಗೊತ್ತಿತ್ತು. ಬೆಳೆ ಎಷ್ಟು ಜಾಸ್ತಿ ಬಂತೆಂದರೆ ಸರ್ಕಾರವೇ ಆ ದಾರಿಯನ್ನು ದೇಶಕ್ಕೆಲ್ಲ ಒಪ್ಪಿಕೊಂಡಿತು. ಚೀನಾದ ಆಗಿನ ನಾಯಕ ಡೆಂಗ್ ಶಿಯಾವೊಪಿಂಗ್ ಅವರ ಸುಧಾರಣೆಗಳು ಶುರುವಾದದ್ದೂ ಅದೇ ಹೊತ್ತಿನಲ್ಲಿ. ನಮ್ಮಲ್ಲಿ ದೊಡ್ಡ ಬದಲಾವಣೆ ಬಂದದ್ದು 1991ರಲ್ಲಿ, ವಿದೇಶಿ ವಿನಿಮಯ ಬರಿದಾಗಿ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಒತ್ತೆ ಇಡಬೇಕಾದ ಮೇಲೆ. ಅಲ್ಲಿಗೇ ಹದಿಮೂರು ವರ್ಷಗಳ ಅಂತರ.

ಆದರೆ ತಡವಾಗಿ ಶುರು ಮಾಡಿದ್ದೊಂದೇ ಕಾರಣ ಎಂದರೆ ಅದೂ ಅರ್ಧ ಸತ್ಯ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಮತ್ತೆ ಮತ್ತೆ ಹೇಳುವ ಮಾತು ಒಂದಿದೆ. ಚೀನಾ ಮಾರುಕಟ್ಟೆಯ ಬಾಗಿಲು ತೆರೆಯುವ ಮೊದಲೇ ಶಾಲೆ ಮತ್ತು ಆಸ್ಪತ್ರೆಯ ಕೆಲಸವನ್ನು ಬಹಳಷ್ಟು ಮುಗಿಸಿತ್ತು. 1981ರ ನಮ್ಮ ಜನಗಣತಿಯಲ್ಲಿ ಓದು ಬರಹ ಬಲ್ಲವರು ಶೇ 44ರಷ್ಟೂ ಇರಲಿಲ್ಲ. ಹೆಣ್ಣುಮಕ್ಕಳಲ್ಲಿ ಶೇ 30ರೊಳಗೆ. ಆ ಹೊತ್ತಿಗೆ ಚೀನಾದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಓದು ಬಲ್ಲವರಾಗಿದ್ದರು. ಅಲ್ಲಿ ಹುಟ್ಟಿದ ಮಗು ನಮ್ಮ ಮಗುವಿಗಿಂತ ಹತ್ತು ವರ್ಷ ಹೆಚ್ಚು ಬದುಕುವ ನಿರೀಕ್ಷೆ ಇತ್ತು. ನಮ್ಮ ನಕ್ಷೆಯಲ್ಲಿ 1990ರಲ್ಲಿ ಇಬ್ಬರೂ ಸಮ ಕಾಣುತ್ತಾರಲ್ಲ, ಆ ಸಮದ ಕೆಳಗೆ ಇಷ್ಟು ವ್ಯತ್ಯಾಸ ಇತ್ತು. ಜಿಡಿಪಿ ಅದನ್ನು ತೋರಿಸುವುದಿಲ್ಲ.

ಇನ್ನೊಂದು ಕಾರಣ ನನ್ನ ಮಕ್ಕಳ ಬದುಕಿಗೆ ಬಹಳ ಹತ್ತಿರದ್ದು. 1980ರಲ್ಲಿ ಚೀನಾದ ಶೆನ್‌ಜೆನ್ ವಿಶೇಷ ಆರ್ಥಿಕ ವಲಯವಾಯಿತು, ಅಂದರೆ ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆದ ಊರಾಯಿತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂತು. ಎರಡೂ ಊರುಗಳು ಅಲ್ಲಿಂದ ಬೆಳೆದವು. ಆದರೆ ಶೆನ್‌ಜೆನ್‌ನ ಕಾರ್ಖಾನೆಗಳಿಗೆ ಸೇರಿಕೊಂಡವರು ಹಳ್ಳಿಯಿಂದ ಬಂದ, ಸ್ವಲ್ಪ ಓದಿದ ಲಕ್ಷಾಂತರ ಹೆಣ್ಣುಮಕ್ಕಳು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಸೇರಬೇಕಾದರೆ ಇಂಜಿನಿಯರಿಂಗ್ ಆಗಿರಬೇಕು, ಇಂಗ್ಲಿಷ್ ಬರಬೇಕು. ಬೆಂಗಳೂರು ಮಾಡಿದ್ದು ದೊಡ್ಡ ಸಾಧನೆಯೇ, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಎಪ್ಪತ್ತು ಕಿಲೋಮೀಟರ್ ಆಚೆಗೂ ಇಲ್ಲದ ನಮ್ಮ ಊರಿನ ಹುಡುಗಿ ಪಿಯುಸಿಗೇ ಓದು ಬಿಟ್ಟರೆ ಅವಳಿಗೆ ಆ ಬಾಗಿಲು ಮುಚ್ಚಿದೆ. ಗಾರ್ಮೆಂಟ್ಸ್ ಇದೆ, ಇಲ್ಲದಿದ್ದರೆ ಮನೆಯ ಬೇಸಿನ್ ಇದೆ. ಚೀನಾದ ಜಿಡಿಪಿಯಲ್ಲಿ ಸುಮಾರು ಕಾಲು ಭಾಗ ಕಾರ್ಖಾನೆಯ ತಯಾರಿಕೆಯಿಂದ ಬರುತ್ತದೆ. ನಮ್ಮಲ್ಲಿ ಅದರ ಪಾಲು ಇನ್ನೂ ಬಹಳ ಕಡಿಮೆ. ನಮ್ಮ ದುಡಿಯುವ ಜನರಲ್ಲಿ ಸುಮಾರು ಶೇ 45ರಷ್ಟು ಮಂದಿ ಇವತ್ತಿಗೂ ಹೊಲದಲ್ಲಿದ್ದಾರೆ. ಚೀನಾದಲ್ಲಿ 15 ದಾಟಿದ ಹೆಂಗಸರಲ್ಲಿ ಸುಮಾರು ಶೇ 60ರಷ್ಟು ಮಂದಿ ದುಡಿಮೆಯಲ್ಲಿದ್ದಾರೆ. ನಮ್ಮಲ್ಲಿ 2017–18ರ ಸರ್ಕಾರಿ ಸಮೀಕ್ಷೆಯಲ್ಲಿ ಅದು ಶೇ 23.3 ಇತ್ತು. ಆಮೇಲೆ ಏರಿದೆ, ಆದರೆ ಏರಿದ್ದರಲ್ಲಿ ಹೆಚ್ಚಿನ ಪಾಲು ಸ್ವಂತ ಹೊಲದ, ಸ್ವಂತ ಮನೆಯ ಕೆಲಸ. ಈ ವಿಷಯದ ಮೇಲೆ ನೀವು ಒಂದು ಗಂಟೆ ಚರ್ಚೆ ಮಾಡಿದರೆ ನಮ್ಮ ಊರಿನ ಪ್ರತಿ ಮನೆಯಲ್ಲೂ ಟಿವಿ ಮುಂದೆ ಕೂತು ನೋಡುತ್ತಾರೆ.

ಚೀನಾವನ್ನು ಹೊಗಳಿ ಎಂದು ನಾನು ಕೇಳುತ್ತಿಲ್ಲ. ಗಡಿಯಲ್ಲಿ ನಮ್ಮ ಯೋಧರು ಜೀವ ಕೊಟ್ಟಿದ್ದಾರೆ, ಅದನ್ನು ಮರೆತು ಮಾತಾಡುವವಳು ನಾನಲ್ಲ. 1959ರಿಂದ 1961ರವರೆಗಿನ ಕ್ಷಾಮದಲ್ಲಿ ಅಲ್ಲಿ ಕೋಟಿಗಟ್ಟಲೆ ಜನ ಸತ್ತರು, ಅದನ್ನು ಬರೆಯುವ ಪತ್ರಿಕೆ ಆ ದೇಶದಲ್ಲಿ ಇರಲಿಲ್ಲ. ಒಂದೇ ಮಗು ಎಂಬ ಕಾನೂನು ಎಷ್ಟೋ ತಾಯಂದಿರನ್ನು ಅಳಿಸಿತು. ಅವರ ಅಂಕಿಗಳನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. ಮುಂದೆ ಚೀನಾದ ಪ್ರಧಾನಿಯಾದ ಲಿ ಕೆಚಿಯಾಂಗ್ ಅವರೇ 2007ರಲ್ಲಿ ಅಮೆರಿಕದ ರಾಯಭಾರಿಯ ಮುಂದೆ, ತಾನಿದ್ದ ಪ್ರಾಂತ್ಯದ ಜಿಡಿಪಿಗಿಂತ ವಿದ್ಯುತ್ ಬಳಕೆ, ರೈಲು ಸರಕು, ಬ್ಯಾಂಕ್ ಸಾಲ ಇವುಗಳನ್ನು ತಾನು ನೋಡುವುದಾಗಿ ಹೇಳಿದ್ದರು ಎಂದು ಆಮೇಲೆ ಬಯಲಾದ ರಾಯಭಾರ ಕಚೇರಿಯ ದಾಖಲೆಯಲ್ಲಿದೆ. ಸರಿ, ಅವರು ಹೇಳಿದ ವಿದ್ಯುತ್ತನ್ನೇ ನೋಡಿ. 2023ರಲ್ಲಿ ಚೀನಾ ಉತ್ಪಾದಿಸಿದ ವಿದ್ಯುತ್ ನಮ್ಮದರ ಸುಮಾರು ಐದು ಪಟ್ಟು. ಉಕ್ಕು ಸುಮಾರು ಏಳು ಪಟ್ಟು. ಅಂಕಿಯನ್ನು ಹೀಗೆ ಇನ್ನೊಂದು ಅಂಕಿಯ ಪಕ್ಕ ಇಟ್ಟು ನೋಡುವುದನ್ನು ಜನರಿಗೆ ಕಲಿಸಬಹುದಾದವರು ನೀವು.

ಇನ್ನೊಂದು ಗೊಂದಲದ ಬಗ್ಗೆಯೂ ಹೇಳಬೇಕು. ಒಂದು ದಿನ ನೀವು ಡಾಲರ್ ಲೆಕ್ಕ ತೋರಿಸುತ್ತೀರಿ, ಮರುದಿನ ಕೊಳ್ಳುವ ಶಕ್ತಿಯ ಲೆಕ್ಕ ತೋರಿಸುತ್ತೀರಿ, ಎರಡಕ್ಕೂ 'ಜಿಡಿಪಿ' ಎಂದೇ ಹೆಸರು. ಎರಡೂ ಸರಿಯಾದ ಲೆಕ್ಕಗಳೇ. ನಮ್ಮಲ್ಲಿ ಊಟ, ಬಾಡಿಗೆ, ಕೂಲಿ ಅಗ್ಗ. ಅದನ್ನು ಸೇರಿಸಿ ನೋಡಿದರೆ ಚೀನಾದ ಒಬ್ಬರ ಪಾಲು ನಮ್ಮವರ ಪಾಲಿನ ಐದು ಪಟ್ಟು ಅಲ್ಲ, ಸುಮಾರು ಎರಡೂವರೆ ಪಟ್ಟು. ನಮಗೆ ಅನುಕೂಲವಾದ ಈ ಅಂಕಿಯನ್ನು ಖಂಡಿತ ತೋರಿಸಿ. ಆದರೆ ಅದು ಯಾವ ಅಳತೆ ಎಂದು ಹೇಳಿ ತೋರಿಸಿ. ಸೇರಿನ ಲೆಕ್ಕ, ಕೆಜಿ ಲೆಕ್ಕ ಬೆರೆಸಿ ಗೂಡು ತೂಗಿದರೆ ಮಾರುಕಟ್ಟೆಯಲ್ಲಿ ಯಾರೂ ಒಪ್ಪುವುದಿಲ್ಲ ಅಲ್ವಾ? ಹಾಗೆಯೇ ಹಳೆಯ ಸರಣಿ, ಹೊಸ ಸರಣಿ: ಜಿಡಿಪಿ ಲೆಕ್ಕ ಹಾಕುವ ವಿಧಾನ ಬದಲಾದರೆ ಹಳೆಯ ವರ್ಷಗಳ ಅಂಕಿಯೂ ಬದಲಾಗುತ್ತದೆ. 2015ರಲ್ಲಿ ನಮ್ಮ ಜಿಡಿಪಿಯ ಮೂಲ ವರ್ಷ ಬದಲಾದಾಗ 2013–14ರ ಬೆಳವಣಿಗೆ ಶೇ 4.7 ಇದ್ದದ್ದು ಶೇ 6.9 ಆಯಿತು. ವರ್ಷ ಅದೇ, ದೇಶ ಅದೇ. ಚೀನಾದಲ್ಲೂ 2005ರಲ್ಲಿ ಆರ್ಥಿಕ ಗಣತಿ ಬಂದ ಮೇಲೆ 2004ರ ಜಿಡಿಪಿ ಶೇ 16.8ರಷ್ಟು ದೊಡ್ಡದಾಯಿತು. ಹಳೆಯ ಸರಣಿಯ ಒಂದು ಅಂಕಿ, ಹೊಸದರ ಒಂದು ಅಂಕಿ ತೆಗೆದುಕೊಂಡು ಗೆರೆ ಎಳೆದರೆ ಏನು ಬೇಕಾದರೂ ತೋರಿಸಬಹುದು.

1700ರಲ್ಲಿ ಜಗತ್ತಿನ ಉತ್ಪನ್ನದ ಕಾಲು ಭಾಗ ನಮ್ಮದಿತ್ತು ಎಂಬುದೂ ಆಗಾಗ ಬರುತ್ತದೆ. ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್ ಅವರ ಅಂದಾಜಿನಲ್ಲಿ ಅದು ನಿಜ, ಸುಮಾರು ಶೇ 24. ಅದೇ ಪಟ್ಟಿಯಲ್ಲಿ ಅದೇ ವರ್ಷ ಚೀನಾ ಶೇ 22, 1820ರಲ್ಲಿ ಚೀನಾ ಶೇ 33, ಭಾರತ ಶೇ 16. ಯಂತ್ರ ಬರುವ ಮೊದಲು ಎಲ್ಲಿ ಜನ ಜಾಸ್ತಿಯೋ ಅಲ್ಲಿ ಉತ್ಪನ್ನ ಜಾಸ್ತಿ. ಪಟ್ಟಿ ಓದುವುದಾದರೆ ಪೂರ್ತಿ ಓದಿ.

ನನ್ನ ಕೋರಿಕೆಗಳು ದೊಡ್ಡವಲ್ಲ. ಎರಡು ದೇಶಗಳನ್ನು ಹೋಲಿಸುವ ಯಾವ ಚಿತ್ರ ಹಾಕಿದರೂ ಅದರಲ್ಲಿ ವರ್ಷ ಇರಲಿ, ಅದು ಗಾತ್ರವೋ ಬೆಳವಣಿಗೆ ದರವೋ ಎಂದು ಓದುವಷ್ಟು ದೊಡ್ಡ ಅಕ್ಷರದಲ್ಲಿ ಇರಲಿ, ಅಂಕಿ ಎಲ್ಲಿಂದ ಬಂತು ಎಂದೂ ಇರಲಿ. ಒಟ್ಟು ಜಿಡಿಪಿ ತೋರಿಸಿದ ಕೂಡಲೇ ತಲೆಗೆ ಎಷ್ಟು ಎಂಬುದನ್ನೂ ಪಕ್ಕದಲ್ಲೇ ತೋರಿಸಿ. ಬ್ರಿಟನ್ನನ್ನು ಹಿಂದೆ ಹಾಕಿದೆವು ಎಂದು ಹೇಳಿದ ದಿನ, ಅವರು ಏಳು ಕೋಟಿಯೊಳಗೆ, ನಾವು 140 ಕೋಟಿ ಎಂಬ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ತಪ್ಪಾದರೆ ಅದೇ ಕಾರ್ಯಕ್ರಮದಲ್ಲಿ, ಅದೇ ನಿರೂಪಕರ ಬಾಯಲ್ಲಿ ತಿದ್ದಿಸಿ. ಮಕ್ಕಳು ಆ ನಿರೂಪಕರನ್ನೇ ನಂಬಿರುವುದು, ನನ್ನನ್ನಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಒಂದು ವರ್ಷದ ಕಂಬಗಳನ್ನು ಬಿಟ್ಟು ಒಮ್ಮೆ ಪೂರ್ತಿ ಗೆರೆ ತೋರಿಸಿ. 1990ರಲ್ಲಿ ಚೀನಾದ ಒಟ್ಟು ಜಿಡಿಪಿ ಸುಮಾರು 36 ಸಾವಿರ ಕೋಟಿ ಡಾಲರ್, ನಮ್ಮದು 32 ಸಾವಿರ ಕೋಟಿ. 2000ದಲ್ಲಿ ಅವರದು 1.2 ಲಕ್ಷ ಕೋಟಿ, ನಮ್ಮದು 47 ಸಾವಿರ ಕೋಟಿ. 2010ರಲ್ಲಿ ಅವರದು 6.1 ಲಕ್ಷ ಕೋಟಿ, ನಮ್ಮದು 1.7 ಲಕ್ಷ ಕೋಟಿ. ಈ ಮೂರು ಸಾಲು ಓದಲು ಅರ್ಧ ನಿಮಿಷ ಸಾಕು. ಈ ಸಾಲುಗಳನ್ನು ಕೇಳಿ ಯಾರಿಗೂ ಅವಮಾನ ಆಗುವುದಿಲ್ಲ. ನನ್ನ ತರಗತಿಯಲ್ಲಿ ಯಾರೂ ತಲೆ ತಗ್ಗಿಸಲಿಲ್ಲ. ಬದಲಾಗಿ ಹುಡುಗರು ಲಾಗ್ ಟೇಬಲ್ ತೆಗೆದು ಲೆಕ್ಕಕ್ಕೆ ಕೂತರು. ನಾವು ವರ್ಷಕ್ಕೆ ಶೇ 7, ಅವರು ಶೇ 4 ಬೆಳೆದರೆ ಈ ಐದು ಪಟ್ಟಿನ ಅಂತರ ಮುಚ್ಚಲು ಎಷ್ಟು ವರ್ಷ ಬೇಕು ಎಂದು. ಸುಮಾರು 57 ವರ್ಷ ಬಂತು. "ಆವಾಗ ನಮಗೆ 70 ದಾಟಿರುತ್ತೆ ಮೇಡಂ" ಎಂದ ಒಬ್ಬ. ಕೂಡಲೇ ಇನ್ನೊಬ್ಬ, ನಾವು ಶೇ 9 ಬೆಳೆದರೆ ಎಷ್ಟು ಎಂದು ಮತ್ತೆ ಲೆಕ್ಕ ಶುರು ಮಾಡಿದ.

ನಕ್ಷೆ ಇನ್ನೂ ನಮ್ಮ ತರಗತಿಯ ಗೋಡೆಯ ಮೇಲಿದೆ. ನಿಮ್ಮಲ್ಲಿ ಯಾರಾದರೂ ಕ್ಯಾಮೆರಾ ತೆಗೆದುಕೊಂಡು ಬಂದರೆ ಮಕ್ಕಳೇ ನಿಂತು ವಿವರಿಸುತ್ತಾರೆ. ಬೆಳಿಗ್ಗೆ ಬೇಗ ಬಂದರೆ ಗೂಡಿನ ಹರಾಜನ್ನೂ ನೋಡಬಹುದು, ಆ ಹುಡುಗಿಯ ಮನೆಯ ಬೇಸಿನ್, ಬೀದಿ ಕೊನೆಯ ಚೀನಾ ಮಿಷನ್ ಎರಡನ್ನೂ ಅವಳೇ ತೋರಿಸುತ್ತಾಳೆ. ಅವಳ ಪ್ರಶ್ನೆಯನ್ನು ಅವಳ ಬಾಯಿಂದಲೇ ಕೇಳಿ, ನಿಮ್ಮ ಚರ್ಚೆಗೆ ಬರುವವರ ಮುಂದೆ ಇಡಿ. ನಾವು ಕಾಯುತ್ತಿರುತ್ತೇವೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಅರ್ಥಶಾಸ್ತ್ರ ಉಪನ್ಯಾಸಕಿ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ